ಹೆಸರು ಬದಲಾಯಿತು, ಹುಡುಗ ಅವನೇ: ಐಡಲ್ ಕಥೆಗಳು ಮಾರುಕಟ್ಟೆಗೆ ಬಂದ ಬಗೆ

2025ರ ಆಗಸ್ಟ್ ಕೊನೆಯಲ್ಲಿ ರಾಯಿಟರ್ಸ್ ಒಂದು ವರದಿ ಪ್ರಕಟಿಸಿತು. ಮೆಟಾ ಕಂಪನಿಯ ಆ್ಯಪ್‌ಗಳಲ್ಲಿ ಟೇಲರ್ ಸ್ವಿಫ್ಟ್, ಸೆಲೆನಾ ಗೋಮೆಜ್ ಮುಂತಾದ ತಾರೆಯರ ಹೆಸರು, ಮುಖ ಹೊತ್ತ ಚಾಟ್‌ಬಾಟ್‌ಗಳು ಜನರ ಜೊತೆ ಸರಸದ ಮಾತಾಡುತ್ತಿವೆ, ಆ ತಾರೆಯರನ್ನು ಯಾರೂ ಒಂದು ಮಾತು ಕೇಳಿಲ್ಲ ಎಂಬುದು ಸುದ್ದಿ. ಎಲ್ಲರೂ ಛೀ ಎಂದರು. ವರದಿ ಹೊರಬರುವ ಸ್ವಲ್ಪ ಮೊದಲೇ ಕಂಪನಿ ಸುಮಾರು ಹನ್ನೆರಡು ಬಾಟ್‌ಗಳನ್ನು ತೆಗೆದುಹಾಕಿತ್ತು.

ಇದಾಗಿ ತಿಂಗಳೂ ಕಳೆದಿರಲಿಲ್ಲ. 'ಆಲ್ಕೆಮೈಸ್ಡ್' ಎಂಬ ಕಾದಂಬರಿ ಪುಸ್ತಕದಂಗಡಿಗೆ ಬಂತು. ಅದು ಮೊದಲು ಹ್ಯಾರಿ ಪಾಟರ್ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಯೊಬ್ಬರು ಬಿಟ್ಟಿಯಾಗಿ ಬರೆದ ಕಥೆ. ಹೆಸರು, ಊರು, ಲೋಕ ಎಲ್ಲ ಬದಲಿಸಿ ಹೊಸ ಪುಸ್ತಕವಾಗಿತ್ತು. ಸಿನಿಮಾ ಹಕ್ಕು 30 ಲಕ್ಷ ಡಾಲರ್‌ಗೂ ಜಾಸ್ತಿಗೆ ಹೋಯಿತು ಎಂದು ವರದಿಯಾಯಿತು. ಇದಕ್ಕೆ ಮಾತ್ರ ಎಲ್ಲರೂ ಭೇಷ್ ಎಂದರು.

ಓದುಗರಿಗೆ ಗೊಂದಲ ಆಗುವುದು ಸಹಜ. ಬೇರೆಯವರದ್ದನ್ನು ಎತ್ತಿಕೊಂಡು ಕಥೆ ಕಟ್ಟಿದ್ದು ಎರಡು ಕಡೆಯೂ ಇದೆ. ಒಂದು ಹಗರಣ, ಇನ್ನೊಂದು ಹಬ್ಬ ಆಗಿದ್ದು ಯಾಕೆ? ಇವೆರಡರ ನಡುವೆ ಮೂರನೆಯದೊಂದಿದೆ. ಅದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಕಂಪನಿಗಳು ಆರಿಸಿ ಬೆಳೆಸಿ ವೇದಿಕೆಗೆ ತರುವ ಪಾಪ್ ಗಾಯಕರಾದ ಐಡಲ್‌ಗಳ ಬಗ್ಗೆ ಅಭಿಮಾನಿಗಳು ಬರೆಯುವ ಕಥೆಗಳು ಅವು. ಚಾಟ್‌ಬಾಟ್‌ನ ಹಾಗೆ ಇಲ್ಲಿಯೂ ಇರುವುದು ನಿಜವಾದ ಮನುಷ್ಯ. ಕಾದಂಬರಿಯ ಹಾಗೆ ಇಲ್ಲಿಯೂ ಬರೆಯುವವರು ಅಭಿಮಾನಿಗಳೇ. ಮನರಂಜನೆ ಉದ್ಯಮ ಇದರಿಂದ ದುಡ್ಡು ಮಾಡಲು ಕಲಿತ ದಾರಿಯನ್ನು ಹಿಡಿದು ಹೊರಟರೆ ಆ ಎರಡೂ ಸುದ್ದಿಗಳು ಬಂದು ಸೇರುತ್ತವೆ.

ಮೊದಲು ಗುಟ್ಟಾಗಿ ಇತ್ತು

ಫ್ಯಾನ್ ಫಿಕ್ಷನ್ ಎಂದರೆ ಅಭಿಮಾನಿ ಬರೆದ ಕಥೆ. ಹೆಚ್ಚಿನವು ಸಿನಿಮಾ, ಕಾದಂಬರಿ, ಅನಿಮೆಗಳ ಪಾತ್ರಗಳ ಮೇಲೆ ಇರುತ್ತವೆ. ಅದರಲ್ಲೇ ಒಂದು ಕವಲು ಬದುಕಿರುವ ತಾರೆಯರ ಮೇಲೆ ಬರೆಯುವುದು. ತಂಡದ ಇಬ್ಬರು ಗಾಯಕರ ನಡುವೆ ಪ್ರೀತಿ ಹುಟ್ಟಿತು ಅಂತಲೋ, ಕಾಲೇಜು ಹುಡುಗಿಗೆ ಗಾಯಕನೊಬ್ಬ ಸಿಕ್ಕಿಬಿದ್ದ ಅಂತಲೋ ಕಥೆ ಹೊರಡುತ್ತದೆ.

ಕೊರಿಯಾದಲ್ಲಿ ಇದಕ್ಕೆ 'ಪ್ಯಾನ್‌ಪಿಕ್' ಎನ್ನುತ್ತಾರೆ. 1996ರಲ್ಲಿ ಎಸ್‌ಎಂ ಎಂಟರ್‌ಟೈನ್‌ಮೆಂಟ್ ಎಚ್‌.ಒ.ಟಿ. ತಂಡವನ್ನು ತಂದ ಮೇಲೆ ಶಾಲಾ ಹುಡುಗಿಯರ ನಡುವೆ ಇದು ಜೋರಾಗಿ ಹಬ್ಬಿತು. ಜಪಾನಿನಲ್ಲಿ ನಿಜ ಮನುಷ್ಯರ ಮೇಲಿನ ಕಥೆಗಳಿಗೆ 'ನಮಾಮೊನೊ' ಎಂಬ ಹೆಸರಿದೆ. ಹಸಿ ಪದಾರ್ಥ, ಬೇಗ ಕೆಡುವಂಥದ್ದು ಎಂದರ್ಥ. ಎಷ್ಟು ಸರಿಯಾದ ಹೆಸರು ನೋಡಿ. ಅಲ್ಲಿನ ಅಭಿಮಾನಿಗಳು ಇದನ್ನು ಜೋಪಾನವಾಗಿ ಮುಚ್ಚಿಡುತ್ತಾರೆ. ಹುಡುಕಿದರೆ ಸಿಗಬಾರದು, ಕಲಾವಿದರ ಕಣ್ಣಿಗಂತೂ ಬೀಳಲೇಬಾರದು ಎಂಬುದು ಅಲ್ಲಿನ ನಿಯಮ.

ಬೇರೆ ಕಡೆಯೂ ಮುಜುಗರ ಇದ್ದೇ ಇತ್ತು. ಫ್ಯಾನ್‌ಫಿಕ್ಷನ್.ನೆಟ್ ಎಂಬ ದೊಡ್ಡ ತಾಣ 2002ರಲ್ಲಿ ನಿಜ ವ್ಯಕ್ತಿಗಳ ಮೇಲಿನ ಕಥೆಗಳನ್ನು ನಿಷೇಧಿಸಿತು. 2009ರಲ್ಲಿ ಎಲ್ಲರಿಗೂ ತೆರೆದುಕೊಂಡ 'ಆರ್ಕೈವ್ ಆಫ್ ಅವರ್ ಓನ್' ಅವುಗಳಿಗೆ ಜಾಗ ಕೊಟ್ಟಿತು, ಆದರೆ ಒಂದು ಕಟ್ಟಳೆ ಹಾಕಿತು: ಇಲ್ಲಿ ದುಡ್ಡಿನ ವ್ಯವಹಾರ ಇಲ್ಲ. ಬರೆಯುವವರು ಉಡುಗೊರೆ ಕೊಟ್ಟ ಹಾಗೆ ಬರೆಯಬೇಕು, ಓದುವವರು ಹಾಗೇ ತೆಗೆದುಕೊಳ್ಳಬೇಕು.

ಇದರಲ್ಲಿ ಒಳ್ಳೆಯ ಮನಸ್ಸಿನ ಜೊತೆಗೆ ಜಾಣತನವೂ ಇತ್ತು. ಕಾಸು ಕೈ ಬದಲಾಗದಿದ್ದರೆ ಯಾರೂ ಕೇಸು ಹಾಕುವುದಿಲ್ಲ ಎಂಬ ಲೆಕ್ಕ.

ಕೊರಿಯಾದ ಕಂಪನಿಗಳಿಗೆ ಬೇರೆ ಲೆಕ್ಕ ಹೊಳೆಯಿತು. ತಂಡದ ಹೊಸ ಹಾಡು ಬರದ ತಿಂಗಳುಗಳಲ್ಲಿ ಅಭಿಮಾನಿಯನ್ನು ಹಿಡಿದಿಟ್ಟುಕೊಳ್ಳುವುದು ಕಷ್ಟ. ಆ ಕೆಲಸವನ್ನು ಈ ಕಥೆಗಳು ಸಂಬಳ ಇಲ್ಲದೆ ಮಾಡುತ್ತಿದ್ದವು. 2006ರಲ್ಲಿ ಎಸ್‌ಎಂ ಕಂಪನಿ ತನ್ನದೇ ತಂಡ ಟಿವಿಎಕ್ಸ್‌ಕ್ಯೂ ಮೇಲೆ ಫ್ಯಾನ್‌ಫಿಕ್ ಸ್ಪರ್ಧೆ ಏರ್ಪಡಿಸಿತು. ಕದ್ದುಮುಚ್ಚಿ ನಡೆಯುತ್ತಿದ್ದುದಕ್ಕೆ ಮನೆ ಯಜಮಾನನೇ ಬಾಗಿಲು ತೆಗೆದಂತಾಯಿತು.

ಐಡಲ್ ಎಂದರೇ ಅರ್ಧ ಕಥೆ

ಎಲ್ಲ ಗಾಯಕರ ಮೇಲೂ ಈ ಪರಿ ಕಥೆ ಹುಟ್ಟುವುದಿಲ್ಲ. ಐಡಲ್‌ಗಳ ಮೇಲೇ ಯಾಕೆ ಇಷ್ಟೊಂದು? ಐಡಲ್‌ನ ಅರ್ಧ ಭಾಗವನ್ನು ಕಂಪನಿ ಮೊದಲೇ ಪಾತ್ರದ ಹಾಗೆ ಕಟ್ಟಿರುತ್ತದೆ. ಒಬ್ಬ ನಾಯಕ, ಒಬ್ಬ ತುಂಟ, ಒಬ್ಬ ಮೌನಿ, ಕೊರಿಯಾದಲ್ಲಾದರೆ 'ಮಕ್ನೆ' ಎಂದು ಕರೆಯುವ ಕಿರಿಯ. ರಿಯಾಲಿಟಿ ಶೋ, ತೆರೆಮರೆಯ ವಿಡಿಯೊ, ಲೈವ್ ಎಲ್ಲ ಸೇರಿ ಆ ಸ್ವಭಾವಗಳನ್ನು ದಿನವೂ ತಿದ್ದಿ ತೀಡುತ್ತವೆ. ಪ್ರೇಮದ ವಿಷಯವನ್ನು ಮಾತ್ರ ಖಾಲಿ ಬಿಡುತ್ತಾರೆ. ಬೇಕೆಂತಲೇ ಬಿಡುತ್ತಾರೆ.

ಆ ಖಾಲಿ ಕುರ್ಚಿಯೇ ಇಡೀ ವ್ಯಾಪಾರದ ಬಂಡವಾಳ. ಅಲ್ಲಿ ಬೇರೆ ಯಾರೋ ಕೂತರೆ ಏನಾಗುತ್ತದೆ ಎಂಬುದು 2024ರ ಫೆಬ್ರವರಿ ಕೊನೆ, ಮಾರ್ಚ್ ಮೊದಲಲ್ಲಿ ಕಂಡಿತು. ಕೊರಿಯಾದ ಏಸ್ಪಾ ತಂಡದ ಗಾಯಕಿ ಕರೀನಾ ಒಬ್ಬ ನಟನ ಜೊತೆ ಓಡಾಡುತ್ತಿದ್ದಾಳೆ ಎಂದು ಸುದ್ದಿಯಾಯಿತು. ಕೋಪಗೊಂಡ ಕೆಲವರು ಕಂಪನಿಯ ಕಟ್ಟಡದ ಮುಂದೆ ಪ್ರತಿಭಟನೆಯ ಟ್ರಕ್ ತಂದು ನಿಲ್ಲಿಸಿದರು. ಆಕೆ ಕೈಬರಹದಲ್ಲಿ ಕ್ಷಮಾಪಣೆ ಬರೆದು ಹಾಕಿದಳು. ವಯಸ್ಸಿಗೆ ಬಂದ ಹೆಣ್ಣು ಪ್ರೀತಿ ಮಾಡಿದ್ದಕ್ಕೆ ಕ್ಷಮೆ ಕೇಳಬೇಕಾಯಿತು ಎಂದರೆ, ಅಲ್ಲಿ ಮಾರಾಟವಾಗುತ್ತಿದ್ದದ್ದು ಬರೀ ಹಾಡಲ್ಲ ಅಲ್ವಾ?

ಫ್ಯಾನ್‌ಫಿಕ್ ಮಾಡುವುದು ಆ ಕುರ್ಚಿಯಲ್ಲಿ ಯಾರನ್ನಾದರೂ ಕೂರಿಸುವುದನ್ನೇ. ತಂಡದ ಇನ್ನೊಬ್ಬ ಸದಸ್ಯನನ್ನು, ಕಲ್ಪನೆಯ ಹುಡುಗಿಯನ್ನು, ಇಲ್ಲವೇ ನೇರ ಓದುಗರನ್ನು. ಕೊನೆಯದಕ್ಕೆ ಅಭಿಮಾನಿಗಳ ನಡುವೆ ಒಂದು ಗುರುತಿದೆ: 'ವೈ/ಎನ್'. ಇಂಗ್ಲಿಷಿನಲ್ಲಿ 'ನಿಮ್ಮ ಹೆಸರು' ಎಂಬುದರ ಎರಡು ಮೊದಲಕ್ಷರಗಳು. ಕಥೆಯಲ್ಲಿ ನಾಯಕಿಯ ಹೆಸರು ಬರಬೇಕಾದ ಕಡೆಯಲ್ಲೆಲ್ಲ ಇದೇ ಇರುತ್ತದೆ. ಓದುವವರು ತಮ್ಮ ಹೆಸರು ಹಾಕಿಕೊಂಡು ಓದುತ್ತಾರೆ. ಈ 'ವೈ/ಎನ್' ಮುಂದೆಯೂ ಬರುತ್ತದೆ, ನೆನಪಿಟ್ಟುಕೊಳ್ಳಿ.

ಹ್ಯಾರಿ ಹಾರ್ಡಿನ್ ಆದ ಕಥೆ

ಗುಟ್ಟಿನ ಕಥೆ ಅಂಗಡಿಗೆ ಬಂದದ್ದು ಹೇಗೆಂದು ತಿಳಿಯಲು ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಿದರೆ ಸಾಕು.

2013ರಲ್ಲಿ ಅಮೆರಿಕದ ಆನಾ ಟಾಡ್ ಎಂಬಾಕೆ, ಯಾರು ಬೇಕಾದರೂ ಕಥೆ ಹಾಕಬಹುದಾದ ತಾಣ ವಾಟ್‌ಪ್ಯಾಡ್‌ನಲ್ಲಿ 'ಆಫ್ಟರ್' ಎಂಬ ಕಥೆ ಶುರು ಮಾಡಿದರು. ನಾಯಕ ಒನ್ ಡೈರೆಕ್ಷನ್ ತಂಡದ ಹ್ಯಾರಿ ಸ್ಟೈಲ್ಸ್. ಕಥೆಯಲ್ಲಿ ಅವನು ಗಾಯಕನಲ್ಲ, ಕಾಲೇಜಿನ ಒರಟ. ಆಕೆ ಬಹುಪಾಲು ಬರೆದದ್ದು ಫೋನಿನಲ್ಲಿ. ಕಂತು ಕಂತಾಗಿ ಹಾಕುತ್ತಾ ಹೋದರು. ವಾಟ್‌ಪ್ಯಾಡ್‌ನಲ್ಲಿ ಕಥೆಯ ಸಾಲು ಸಾಲಿಗೂ ಓದುಗರು ಕಮೆಂಟ್ ಹಾಕಬಹುದು. ಯಾವ ಮಾತಿಗೆ ಅತ್ತರು, ಎಲ್ಲಿ ಬೈದರು, ಎಲ್ಲಿ ಹೃದಯದ ಇಮೋಜಿ ಸುರಿದರು ಎಂಬುದು ಬರೆಯುವವರಿಗೆ ಅಲ್ಲಿಗಲ್ಲಿಗೇ ಕಾಣುತ್ತದೆ. ಮುಂದಿನ ಕಂತು ಅದನ್ನು ನೋಡಿಕೊಂಡೇ ಹುಟ್ಟುತ್ತದೆ.

ಓದಿನ ಎಣಿಕೆ ನೂರು ಕೋಟಿ ದಾಟಿತು. ಇದು ನೂರು ಕೋಟಿ ಜನ ಎಂದಲ್ಲ. ಒಬ್ಬರೇ ನೂರು ಅಧ್ಯಾಯ ತೆರೆದರೆ ಎಣಿಕೆ ನೂರಾಗುತ್ತದೆ. ಅಷ್ಟು ಬಿಟ್ಟು ಲೆಕ್ಕ ಹಾಕಿದರೂ ಸಂಖ್ಯೆ ಸಣ್ಣದಲ್ಲ. 2014ರ ಅಕ್ಟೋಬರ್‌ನಲ್ಲಿ ಸೈಮನ್ ಆ್ಯಂಡ್ ಶುಸ್ಟರ್‌ನ ಗ್ಯಾಲರಿ ಬುಕ್ಸ್ ಅದನ್ನು ಪುಸ್ತಕ ಮಾಡಿತು. ಹ್ಯಾರಿ ಸ್ಟೈಲ್ಸ್ ಈಗ ಹಾರ್ಡಿನ್ ಸ್ಕಾಟ್. ಅದೇ ತಂಡದ ಲಿಯಾಮ್ ಲ್ಯಾಂಡನ್ ಆದ. ಝೇನ್ ಝೆಡ್ ಆದ.

ಇಲ್ಲೊಂದು ಸಣ್ಣ ವಿಷಯ ಇದೆ. ಹಾರ್ಡಿನ್ ಸ್ಕಾಟ್ ಎಂಬುದರ ಮೊದಲಕ್ಷರಗಳನ್ನು ಇಂಗ್ಲಿಷಿನಲ್ಲಿ ಬರೆದು ನೋಡಿ: ಎಚ್, ಎಸ್. ಹ್ಯಾರಿ ಸ್ಟೈಲ್ಸ್‌ನದ್ದೂ ಅವೇ. ಬ್ರಿಟಿಷ್ ಉಚ್ಚಾರ, ಹಚ್ಚೆಗಳು ಎಲ್ಲ ಹಾಗೇ ಉಳಿದವು. ಇಂಗ್ಲಿಷಿನಲ್ಲಿ ಇದಕ್ಕೆ ಸೀರಿಯಲ್ ನಂಬರ್ ಉಜ್ಜಿ ಹಾಕುವುದು ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಗಾಡಿ ಅದೇ, ನಂಬರ್ ಪ್ಲೇಟ್ ಮಾತ್ರ ಬೇರೆ. ಪೊಲೀಸರಿಗೆ ತೋರಿಸಲು ಹೊಸ ಪ್ಲೇಟು, ಕೊಳ್ಳುವವರಿಗೆ ಹಳೆಯ ಗಾಡಿ. ವಾಟ್‌ಪ್ಯಾಡ್‌ನ ಉಚಿತ ಕಥೆಯನ್ನು ಪುಸ್ತಕ ಬಂದ ಮೇಲೂ ತೆಗೆಯಲಿಲ್ಲ. ಅದೇ ಜಾಹೀರಾತಾಯಿತು.

2019ರಲ್ಲಿ ಸಿನಿಮಾ ಬಂತು. ಸುಮಾರು 1.4 ಕೋಟಿ ಡಾಲರ್ ಖರ್ಚು, ಜಗತ್ತಿನಾದ್ಯಂತ ಸುಮಾರು 7 ಕೋಟಿ ಡಾಲರ್ ಗಳಿಕೆ. 2023ರ ಹೊತ್ತಿಗೆ ಒಟ್ಟು ಐದು ಸಿನಿಮಾ ಆದವು. ಒನ್ ಡೈರೆಕ್ಷನ್ ಅಭಿಮಾನಿಗಳಲ್ಲೇ ಒಂದಷ್ಟು ಜನ ಶುರುವಿನಿಂದಲೂ ಸಿಟ್ಟಾಗಿದ್ದರು. ಕಥೆಯ ನಾಯಕ ಹುಡುಗಿಯನ್ನು ಹಿಂಸಿಸುವವನು, ಆ ಕೆಟ್ಟ ಹೆಸರು ನಿಜವಾದ ಹ್ಯಾರಿಗೆ ಅಂಟುತ್ತದೆ ಎಂಬುದು ಅವರ ದೂರು. ಬದಲಾದ ಹೆಸರು ಅವರನ್ನು ಸಮಾಧಾನ ಮಾಡಲಿಲ್ಲ. ಯಾರ ಕಥೆ ಎಂದು ಎಲ್ಲರಿಗೂ ಗೊತ್ತಿತ್ತಲ್ಲ. ಗೊತ್ತಿದ್ದರಿಂದಲೇ ಕೊಂಡದ್ದು ಕೂಡ.

ಪ್ರಕಾಶಕರು ಕೊಂಡದ್ದು ಏನನ್ನು?

ಕಥೆಯನ್ನು ಎಂದು ಹೇಳಿದರೆ ಅರ್ಧ ಮಾತ್ರ ಸರಿ. ಕಾಲೇಜಿನ ಒರಟ ಹುಡುಗ, ಒಳ್ಳೆಯ ಹುಡುಗಿ ಎಂಬ ಕಥೆಗೆ ಬರಗಾಲ ಯಾವತ್ತೂ ಇರಲಿಲ್ಲ. ಹೊಸ ಲೇಖಕರ ಪುಸ್ತಕ ಅಚ್ಚು ಹಾಕುವುದು ಪ್ರಕಾಶಕರಿಗೆ ಜೂಜು. ಓದುಗರು ಸಿಗುತ್ತಾರೋ ಇಲ್ಲವೋ ಗೊತ್ತಿರುವುದಿಲ್ಲ. ಇಲ್ಲಿ ಓದುಗರು ಮೊದಲೇ ಸಿಕ್ಕಿದ್ದಾರೆ, ಪುಸ್ತಕ ಆಮೇಲೆ ಬರುತ್ತದೆ. ಟ್ವೈಲೈಟ್ ಫ್ಯಾನ್‌ಫಿಕ್ ಆಗಿ ಹುಟ್ಟಿದ 'ಫಿಫ್ಟಿ ಶೇಡ್ಸ್ ಆಫ್ ಗ್ರೇ' ಸರಣಿ 15 ಕೋಟಿಗೂ ಜಾಸ್ತಿ ಪ್ರತಿ ಮಾರಾಟವಾದ ಮೇಲೆ ಈ ಪಾಠ ಎಲ್ಲ ಪ್ರಕಾಶಕರಿಗೂ ಬಾಯಿಪಾಠ ಆಗಿತ್ತು.

ಐಡಲ್ ಕಥೆಯಲ್ಲಿ ಇನ್ನೂ ಒಂದು ಲಾಭ ಇದೆ. ನಾಯಕನನ್ನು ಪರಿಚಯ ಮಾಡಿಕೊಡುವ ಖರ್ಚೇ ಇಲ್ಲ. ಅವನ ಮುಖ, ನಗು, ಕೂದಲು ಎಲ್ಲವನ್ನೂ ಸಂಗೀತ ಕಂಪನಿ ಕೋಟಿಗಟ್ಟಲೆ ಸುರಿದು ಜನರ ಮನಸ್ಸಿನಲ್ಲಿ ಮೊದಲೇ ಕೂರಿಸಿದೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಪುಸ್ತಕಕ್ಕಿಂತ ದೊಡ್ಡ ದುಡ್ಡು ವೇದಿಕೆಯಲ್ಲಿದೆ. 2021ರಲ್ಲಿ ಕೊರಿಯಾದ ಇಂಟರ್ನೆಟ್ ಕಂಪನಿ ನೇವರ್ ಕೆನಡಾದ ವಾಟ್‌ಪ್ಯಾಡ್ ಅನ್ನು ಸುಮಾರು 60 ಕೋಟಿ ಡಾಲರ್‌ಗೆ ಕೊಂಡಿತು. ಆಗ ವಾಟ್‌ಪ್ಯಾಡ್‌ಗೆ ಸುಮಾರು 9 ಕೋಟಿ ಬಳಕೆದಾರರು. ಬಿಟ್ಟಿ ಕಥೆಗಳ ತಾಣಕ್ಕೆ ಇಷ್ಟು ದುಡ್ಡು ಯಾಕೆ? ಯಾವ ಕಥೆಯನ್ನು ಕೊನೆಯವರೆಗೆ ಓದಿದರು, ಎಲ್ಲಿ ಕೈಬಿಟ್ಟರು, ಯಾವ ಸಾಲಿಗೆ ಸಾವಿರ ಕಮೆಂಟ್ ಬಂತು ಎಂಬ ಲೆಕ್ಕ ಅಲ್ಲಿದೆ. ಯಾವುದನ್ನು ವೆಬ್‌ಟೂನ್ (ಫೋನಿನಲ್ಲಿ ಓದುವ ಚಿತ್ರಕಥೆ) ಮಾಡಬೇಕು, ಯಾವುದನ್ನು ಸೀರೀಸ್ ಮಾಡಬೇಕು ಎಂದು ಅದನ್ನು ನೋಡಿ ತೀರ್ಮಾನಿಸಬಹುದು. ನೇವರ್‌ನ ವೆಬ್‌ಟೂನ್ ಕಂಪನಿ 2024ರಲ್ಲಿ ಅಮೆರಿಕದ ನಾಸ್ಡಾಕ್ ಷೇರುಪೇಟೆಗೂ ಹೋಯಿತು.

ಕಂಪನಿಯೇ ಕಥೆಗಾರ ಆದಾಗ

ಅಭಿಮಾನಿ ಬರೆದು ಪ್ರಕಾಶಕ ದುಡ್ಡು ಮಾಡಿದರೆ ಐಡಲ್‌ನ ಕಂಪನಿಗೆ ಏನು ಬಂತು? ಏನೂ ಇಲ್ಲ. ಹಾಗಾಗಿ ಕಂಪನಿಗಳು ಬೇರೆ ದಾರಿ ಹಿಡಿದವು. ಕಥೆಯನ್ನು ತಾವೇ ಬರೆಸಿದರೆ ಆಯಿತು!

ಬಿಟಿಎಸ್ ತಂಡದ ಕಂಪನಿ, ಈಗಿನ ಹೈಬ್, ಇದರಲ್ಲಿ ಮುಂದೆ. ತಂಡದ ಹಾಡಿನ ವಿಡಿಯೊಗಳಲ್ಲಿ ಏಳು ಹುಡುಗರ ಒಂದು ಕಲ್ಪನೆಯ ಕಥೆಯನ್ನು ಸೂಚನೆಗಳಂತೆ ಹರಡಿತು. ಅಭಿಮಾನಿಗಳು ಅದನ್ನು ಒಗಟಿನ ಹಾಗೆ ಬಿಡಿಸತೊಡಗಿದರು. 2019ರಲ್ಲಿ ಅದೇ ಲೋಕದ ಪುಸ್ತಕ, ವೆಬ್‌ಟೂನ್ ಬಂದವು. 2020ರಲ್ಲಿ ನೆಟ್‌ಮಾರ್ಬಲ್ ಒಂದು ಮೊಬೈಲ್ ಗೇಮ್ ತಂದಿತು. ಅದರಲ್ಲಿ ಆಡುವವರು ಸದಸ್ಯರನ್ನಿಟ್ಟುಕೊಂಡು ತಮ್ಮದೇ ಕಥೆ ಕಟ್ಟಿ ಬೇರೆಯವರಿಗೆ ಹಂಚಬಹುದಿತ್ತು. ಇದು ಫ್ಯಾನ್‌ಫಿಕ್ ಅಲ್ಲದೆ ಇನ್ನೇನು? ಒಂದೇ ವ್ಯತ್ಯಾಸ, ಅಂಗಳ ಕಂಪನಿಯದ್ದು.

2022ರ ಜನವರಿಯಲ್ಲಿ ಹೈಬ್ ಒಟ್ಟಿಗೆ ಮೂರು ವೆಬ್‌ಟೂನ್ ಬಿಟ್ಟಿತು. ಬಿಟಿಎಸ್ ಹುಲಿ ಬೇಟೆಗಾರರಾದರು, ಎನ್‌ಹೈಪನ್ ಹುಡುಗರು ರಕ್ತಪಿಶಾಚಿಗಳಾದರು, ಟಿಎಕ್ಸ್‌ಟಿ ತಂಡಕ್ಕೆ ಮಾಯಾಲೋಕದ ಕಥೆ ಸಿಕ್ಕಿತು. ಗಾಯಕನೊಬ್ಬ ರಕ್ತಪಿಶಾಚಿಯಾಗಿದ್ದರೆ ಎಂಬ ಕಲ್ಪನೆ ವಾಟ್‌ಪ್ಯಾಡ್ ಓದುಗರಿಗೆ ಹಳೇ ಪರಿಚಯ. ಈ ಕಥೆಗಳು ಬಂದದ್ದೂ ನೇವರ್‌ನ ವೆಬ್‌ಟೂನ್ ಮತ್ತು ವಾಟ್‌ಪ್ಯಾಡ್‌ನಲ್ಲೇ. ಬಿಟಿಎಸ್ ಕಥೆ ಎರಡೇ ದಿನದಲ್ಲಿ 1.5 ಕೋಟಿ ವೀಕ್ಷಣೆ ಕಂಡಿತು ಎಂದು ಕಂಪನಿ ಹೇಳಿಕೊಂಡಿತು. ಹಾಗಂತ ಎಲ್ಲರೂ ಖುಷಿಪಡಲಿಲ್ಲ. ಹಾಡು ಕೇಳಲು ಬಂದವರಿಗೆ ಕಾಮಿಕ್ಸ್ ಯಾಕೆ ಮಾರುತ್ತೀರಿ ಎಂದು ಗೊಣಗಿದವರೂ ಇದ್ದರು.

ಅದಕ್ಕಿಂತ ಸ್ವಾರಸ್ಯದ್ದು ಟಿವಿ ಧಾರಾವಾಹಿಯ ಕತೆ. ಅದೇ ಕಲ್ಪನೆಯ ಲೋಕವನ್ನು ಧಾರಾವಾಹಿ ಮಾಡುವಾಗ ಪಾತ್ರಗಳಿಗೆ ಸದಸ್ಯರ ನಿಜ ಹೆಸರನ್ನೇ ಇಡುವ ಯೋಜನೆ ಇತ್ತು. ಬೇರೆ ನಟರು, ಆದರೆ ಇವರ ಹೆಸರು. ಕಥೆಯಲ್ಲಿ ಹಿಂಸೆ, ಸಾವು ಎಲ್ಲ ಇತ್ತು. ಅಭಿಮಾನಿಗಳು ತಿರುಗಿಬಿದ್ದರು. ಕೊನೆಗೆ ನಿರ್ಮಾಣ ಸಂಸ್ಥೆ ಹೆಸರು ಬದಲಿಸಿತು. ಧಾರಾವಾಹಿ ಹೊರಬಂದದ್ದು 2024ರಲ್ಲಿ. ತಾವು ಬರೆಯುವ ಕಥೆಯಲ್ಲಿ ನಿಜ ಹೆಸರು ಬಳಸುವ ಜನರೇ ಕಂಪನಿ ಬಳಸಿದಾಗ ಬೇಡ ಎಂದರು. ಇದು ಇಬ್ಬಂದಿತನದ ಹಾಗೆ ಕಾಣುತ್ತದೆ. ಆದರೆ ಅವರ ವಾದಕ್ಕೆ ಒಂದು ತರ್ಕ ಇದೆ. ಅಭಿಮಾನಿ ಬರೆದದ್ದು ಕಲ್ಪನೆ ಎಂದು ಓದುವವರಿಗೆಲ್ಲ ಗೊತ್ತು. ಕಂಪನಿ ಅದಕ್ಕೆ ಮುದ್ರೆ ಒತ್ತಿದರೆ ಅರ್ಧ ಸತ್ಯ ಆಗಿಬಿಡುತ್ತದೆ.

ಇನ್ನು ಆ 'ವೈ/ಎನ್'. 2020ರಲ್ಲಿ ಎಸ್‌ಎಂ ಗುಂಪಿನ ಕಂಪನಿಯೊಂದು 'ಬಬಲ್' ಎಂಬ ಆ್ಯಪ್ ತಂದಿತು. ಒಬ್ಬ ಕಲಾವಿದನಿಗೆ ತಿಂಗಳಿಗಿಷ್ಟು ಎಂದು ದುಡ್ಡು ಕಟ್ಟಿದರೆ ಅವನ ಮೆಸೇಜ್ ನಿಮ್ಮ ಫೋನಿಗೆ ಬರುತ್ತದೆ, ಗೆಳೆಯ ಕಳಿಸಿದ ಹಾಗೆ. ಕಲಾವಿದ ಬರೆಯುವುದು ಒಂದೇ ಮೆಸೇಜ್. ಹೋಗುವುದು ಲಕ್ಷಾಂತರ ಜನಕ್ಕೆ. ಹೆಸರು ಬರಬೇಕಾದ ಕಡೆ ಅವನು ಒಂದು ಗುರುತು ಒತ್ತುತ್ತಾನೆ, ಪ್ರತಿಯೊಬ್ಬರ ಪರದೆಯಲ್ಲೂ ಅವರವರೇ ಆರಿಸಿಕೊಂಡ ಹೆಸರು ಮೂಡುತ್ತದೆ. 'ಊಟ ಆಯ್ತಾ' ಅಂತ ನಿಮ್ಮನ್ನೇ ಕೇಳಿದ ಹಾಗೆ. ಅಭಿಮಾನಿಗಳು ಕಥೆಯಲ್ಲಿ ಕಂಡುಕೊಂಡ ಉಪಾಯವನ್ನು ಉದ್ಯಮ ತಿಂಗಳ ಚಂದಾ ಮಾಡಿತು.

ಯಾರಿಗೆ ಎಷ್ಟು?

ಪುಸ್ತಕ ಮಾಡಿಕೊಂಡ ಲೇಖಕಿಗೆ ದುಡ್ಡು ಬರುತ್ತದೆ, ಕೆಲವರಿಗೆ ಬಹಳವೇ ಬರುತ್ತದೆ. ಆದರೆ ಅಂಥವರು ಬೆರಳೆಣಿಕೆ. ಲಕ್ಷಾಂತರ ಕಥೆಗಳು ವೇದಿಕೆಗೆ ಜನರನ್ನು ತಂದುಕೊಟ್ಟು ಸುಮ್ಮನೆ ಕೂತಿವೆ. ಸಾಲು ಸಾಲಿಗೂ ಕಮೆಂಟ್ ಹಾಕಿ ಕಥೆಯನ್ನು ತಿದ್ದಿದ ಓದುಗರಿಗೆ ಏನೂ ಇಲ್ಲ. ಅವರು ಕೇಳಿಯೂ ಇಲ್ಲ ಅನ್ನಿ. ಯಾರ ಮುಖದ ಮೇಲೆ ಕಥೆ ನಿಂತಿದೆಯೋ ಆ ಗಾಯಕನಿಗೂ ಏನೂ ಇಲ್ಲ.

ದುಡ್ಡಿಗಿಂತ ಒಪ್ಪಿಗೆಯ ಪ್ರಶ್ನೆ ದೊಡ್ಡದು. 2019ರ ಜೂನ್‌ನಲ್ಲಿ ಎಚ್‌ಬಿಒ ವಾಹಿನಿಯ 'ಯೂಫೋರಿಯಾ' ಧಾರಾವಾಹಿಯಲ್ಲಿ ಒಂದು ದೃಶ್ಯ ಬಂತು. ಪಾತ್ರವೊಂದು ಹ್ಯಾರಿ ಸ್ಟೈಲ್ಸ್ ಮತ್ತು ಅದೇ ಒನ್ ಡೈರೆಕ್ಷನ್ ತಂಡದ ಲೂಯಿ ಟಾಮ್ಲಿನ್ಸನ್ ಪ್ರೇಮಿಗಳೆಂದು ಫ್ಯಾನ್‌ಫಿಕ್ ಬರೆಯುತ್ತದೆ. ಅದನ್ನು ಅನಿಮೇಷನ್ ಮಾಡಿ, ನಿಜ ಹೆಸರಿನಲ್ಲೇ, ಲೈಂಗಿಕ ದೃಶ್ಯದವರೆಗೂ ತೋರಿಸಿದರು. ತನ್ನನ್ನು ಯಾರೂ ಸಂಪರ್ಕಿಸಿಲ್ಲ, ತಾನು ಒಪ್ಪಿಗೆಯನ್ನೂ ಕೊಟ್ಟಿಲ್ಲ ಎಂದು ಟಾಮ್ಲಿನ್ಸನ್ ಟ್ವಿಟರ್‌ನಲ್ಲಿ ಹೇಳಿದರು. ಈ ಕಲ್ಪನೆಯ ಜೋಡಿಯ ಕಾಟಕ್ಕೆ ನಿಜವಾದ ಗೆಳೆತನದಲ್ಲೇ ಬಿಗುವು ಬಂತು, ತಾವು ಏನು ಮಾಡಿದರೂ ಜನ ಅರ್ಥ ಹುಡುಕತೊಡಗಿದರು ಎಂದು ಅವರು ಎರಡು ವರ್ಷ ಮೊದಲೇ ಹೇಳಿಕೊಂಡಿದ್ದರು. ಹುಡುಗಿಯೊಬ್ಬಳು ಗೆಳತಿಯರಿಗಾಗಿ ಬರೆದು ಇಟ್ಟುಕೊಂಡಾಗ ಇದ್ದ ತೂಕವೇ ಬೇರೆ, ದೊಡ್ಡ ವಾಹಿನಿ ಅದನ್ನು ಮನೆಮನೆಗೆ ಮುಟ್ಟಿಸಿದಾಗ ಇರುವ ತೂಕವೇ ಬೇರೆ.

ಕಾನೂನು ಎಲ್ಲಿ ನಿಲ್ಲುತ್ತದೆ

ಪುಸ್ತಕದ ಪಾತ್ರ ಲೇಖಕರ ಸ್ವತ್ತು. ಅದಕ್ಕೆ ಕಾಪಿರೈಟ್ ಇದೆ. ನಿಜ ಮನುಷ್ಯನ ಬದುಕಿಗೆ ಕಾಪಿರೈಟ್ ಇಲ್ಲ. ಹಾಗಾಗಿ ಒಂದು ವಿಚಿತ್ರ ಹುಟ್ಟುತ್ತದೆ: ಕಲ್ಪನೆಯ ಹುಡುಗನನ್ನು ಎತ್ತಿಕೊಂಡರೆ ಕೇಸು ಬೀಳಬಹುದು, ಬದುಕಿರುವ ಹುಡುಗನನ್ನು ಎತ್ತಿಕೊಂಡರೆ ಅಷ್ಟು ಸುಲಭಕ್ಕೆ ಬೀಳುವುದಿಲ್ಲ.

ಅವನ ಕೈಯಲ್ಲಿರುವುದು ಬೇರೆ ಅಸ್ತ್ರಗಳು. ಒಂದು ಮಾನನಷ್ಟ. ಇನ್ನೊಂದು, ತನ್ನ ಹೆಸರು, ಮುಖವನ್ನು ವ್ಯಾಪಾರಕ್ಕೆ ಬಳಸಿದರೆ ತಡೆಯುವ ಹಕ್ಕು. ಟೀ ಶರ್ಟ್ ಮೇಲೆ ಫೋಟೊ ಹಾಕಿ ಮಾರಿದರೆ ಈ ಹಕ್ಕು ಕೆಲಸ ಮಾಡುತ್ತದೆ. ಕಥೆಯ ವಿಷಯ ಬಂದರೆ ಮೊಂಡಾಗುತ್ತದೆ. ಹಿರಿಯ ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ತಮ್ಮನ್ನು ಪಾತ್ರವಾಗಿ ತೋರಿಸಿದ ಧಾರಾವಾಹಿಯ ಮೇಲೆ, ನೂರು ದಾಟಿದ ವಯಸ್ಸಿನಲ್ಲಿ, ಎಫ್‌ಎಕ್ಸ್ ವಾಹಿನಿ ವಿರುದ್ಧ ಕೇಸು ಹಾಕಿದರು. 2018ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ಕೋರ್ಟ್ ವಾಹಿನಿಯ ಪರ ತೀರ್ಪು ಕೊಟ್ಟಿತು. ನಿಜ ವ್ಯಕ್ತಿಗಳ ಕಥೆ ಹೇಳಲು ಅವರ ಅಪ್ಪಣೆ ಬೇಕಿಲ್ಲ ಎಂಬುದು ಅದರ ಸಾರ. ಅಮೆರಿಕದ ಪ್ರಕಾಶಕರ ಧೈರ್ಯ ನಿಂತಿರುವುದು ಇಂಥ ನೆಲದ ಮೇಲೆ. ಹೆಸರು ಬದಲಿಸುವುದು ಇನ್ನೊಂದು ಬೀಗ, ಅಷ್ಟೇ.

ಕೊರಿಯಾ ಬೇರೆ ಕಡೆಯಿಂದ ಬಂತು. ಬಿಟಿಎಸ್ ಫೋಟೊಗಳನ್ನು ಕೇಳದೆ ಪುಸ್ತಕ ಮಾಡಿ ಮಾರುವ ಪ್ರಕರಣ 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮುಟ್ಟಿತು. ಕೋರ್ಟ್ ಕಂಪನಿಯ ಕಡೆ ನಿಂತಿತು. ಆಮೇಲೆ ಕಾನೂನಿಗೇ ತಿದ್ದುಪಡಿ ಆಗಿ, 2022ರ ಜೂನ್‌ನಿಂದ ಪ್ರಸಿದ್ಧರ ಹೆಸರು, ಮುಖ, ದನಿಯನ್ನು ಅನುಮತಿ ಇಲ್ಲದೆ ವ್ಯಾಪಾರಕ್ಕೆ ಬಳಸುವುದು ಅನ್ಯಾಯದ ಪೈಪೋಟಿ ಎನಿಸಿಕೊಂಡಿತು. ಗಮನಿಸಿ, ಇದು ಕಾಯುವುದು ಮುಖ್ಯವಾಗಿ ಹಣದ ಬೆಲೆಯನ್ನು. ಮನಸ್ಸಿನ ನೋವಿಗೆ ಇದರಲ್ಲಿ ಹೆಚ್ಚು ಜಾಗ ಇಲ್ಲ.

ಆ ನೋವಿನ ಪ್ರಶ್ನೆ 2021ರ ಜನವರಿಯಲ್ಲೇ ಎದ್ದಿತ್ತು. ಪುರುಷ ಐಡಲ್‌ಗಳ ಮೇಲೆ ಲೈಂಗಿಕ ಕಥೆ ಬರೆಯುವವರನ್ನು ಶಿಕ್ಷಿಸಿ, ಆ ಐಡಲ್‌ಗಳಲ್ಲಿ ಅಪ್ರಾಪ್ತ ವಯಸ್ಸಿನವರೂ ಇದ್ದಾರೆ ಎಂದು ಕೊರಿಯಾ ಅಧ್ಯಕ್ಷರ ಕಚೇರಿಗೆ ಬಂದ ಮನವಿಗೆ ಕೆಲವೇ ದಿನಗಳಲ್ಲಿ 2 ಲಕ್ಷಕ್ಕೂ ಜಾಸ್ತಿ ಸಹಿ ಬಿತ್ತು. ಸಂಸದರೊಬ್ಬರು ಪೊಲೀಸರ ಬಾಗಿಲು ತಟ್ಟಿದರು. ಹೆಣ್ಣುಮಕ್ಕಳ ಡೀಪ್‌ಫೇಕ್ ವಿಡಿಯೊಗಳ ಬಗ್ಗೆಯೂ ಅದೇ ಹೊತ್ತಿಗೆ ದೊಡ್ಡ ಮನವಿ ಬಂತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು ಎಂದು ಒಂದು ಬಣ ವಾದಿಸಿತು. ಬರಹವನ್ನು ಕಲ್ಪನೆ ಎಂದು ಗುರುತಿಸಬಹುದು, ನಕಲಿ ವಿಡಿಯೊ ನಿಜ ಎಂದೇ ನಂಬಿಸುತ್ತದೆ ಎಂಬುದು ಅವರ ಮಾತು. ಹದಿನೇಳರ ಹುಡುಗನಿಗೆ ಆ ವ್ಯತ್ಯಾಸದಿಂದ ಏನು ಸಮಾಧಾನ ಎಂದು ಇನ್ನೊಂದು ಬಣ ಕೇಳಿತು. ಎರಡೂ ಮಾತಿನಲ್ಲಿ ಹುರುಳಿದೆ. ವಯಸ್ಸಿನ ವಿಷಯದಲ್ಲಿ ಮಾತ್ರ ಎರಡನೆಯ ಬಣದ ಮಾತೇ ಗಟ್ಟಿ.

ಇಷ್ಟೆಲ್ಲ ಆದರೂ ಐಡಲ್ ಕಂಪನಿಗಳು ಫ್ಯಾನ್‌ಫಿಕ್ ಮೇಲೆ ಕೇಸು ಹಾಕುವುದು ಅಪರೂಪ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೇಸು ಹಾಕಿದರೆ ಆಲ್ಬಂ ಕೊಳ್ಳುವವರ ಮೇಲೆಯೇ ಹಾಕಬೇಕು. ಹಾಕದಿದ್ದರೆ ಕಲಾವಿದ ಒಳಗೊಳಗೇ ನುಂಗಿಕೊಳ್ಳಬೇಕು. ಇಲ್ಲಿಯವರೆಗೆ ನುಂಗಿಕೊಂಡದ್ದು ಕಲಾವಿದನೇ.

ಅಭಿಮಾನಿಗಳೇ ಜಗಳಕ್ಕೆ ಬಿದ್ದರೆ

ಇದರ ಬಿಸಿ ಎಷ್ಟೆಂಬುದನ್ನು ಚೀನಾ ತೋರಿಸಿತು. 2020ರ ಫೆಬ್ರವರಿ 27ರಂದು ನಟ, ಗಾಯಕ ಶಾವ್ ಜಾನ್ ಅವರ ಅಭಿಮಾನಿಗಳ ಒಂದು ಗುಂಪು, ತಮ್ಮ ನೆಚ್ಚಿನವನನ್ನು ಅವಮಾನಿಸುವ ಕಥೆ ಇದೆ ಎಂದು 'ಆರ್ಕೈವ್ ಆಫ್ ಅವರ್ ಓನ್' ವಿರುದ್ಧ ಅಧಿಕಾರಿಗಳಿಗೆ ದೂರು ಕೊಡತೊಡಗಿತು. ಎರಡೇ ದಿನದಲ್ಲಿ ಇಡೀ ತಾಣ ಚೀನಾದಲ್ಲಿ ತೆರೆಯದಾಯಿತು. ಆ ನಟನಿಗೆ ಸಂಬಂಧವೇ ಇಲ್ಲದ ಲಕ್ಷಾಂತರ ಕಥೆಗಳ ಓದುಗರು, ಬರಹಗಾರರು ಅಂಗಳ ಕಳೆದುಕೊಂಡರು. ಸಿಟ್ಟು ಅವನ ಮೇಲೆಯೇ ತಿರುಗಿತು. ಅವನು ಜಾಹೀರಾತು ಮಾಡುತ್ತಿದ್ದ ವಸ್ತುಗಳಿಗೆ ಬಹಿಷ್ಕಾರ ಬಿತ್ತು. ಅವನು ಮಾಡಿದ ತಪ್ಪೇನು? ಏನೂ ಇಲ್ಲ. ತಾರೆಯ ಮಾರುಕಟ್ಟೆ ಬೆಲೆ ಜಾಸ್ತಿಯಾದಷ್ಟೂ ಅವನ ಹೆಸರು ಕಾಯುವ ಕಾವಲುಗಾರರು ಉಗ್ರರಾಗುತ್ತಾರೆ. ಅದರ ಫಲ ಅವನ ತಲೆಗೂ ಬರುತ್ತದೆ.

ಮುಂದೆ ಆಗುವುದು

ಒಂದು ಪರಿಣಾಮ ಈಗಾಗಲೇ ಕಾಣುತ್ತಿದೆ. ಮಾರಾಟವಾಗಬಹುದು ಎಂಬ ಆಸೆ ಇಟ್ಟುಕೊಂಡೇ ಕೆಲವರು ಬರೆಯುತ್ತಾರೆ. ನಾಯಕನಿಗೆ ಐಡಲ್‌ನ ಗುರುತುಗಳನ್ನು ಮೊದಲೇ ಸಡಿಲವಾಗಿ ಅಂಟಿಸುತ್ತಾರೆ, ಕೀಳಲು ಸುಲಭ ಆಗಲಿ ಎಂದು. ಪುಸ್ತಕ ಆಗುವಾಗ ಉಚಿತ ಕಥೆಯನ್ನು ಎಷ್ಟೋ ಜನ ತಾಣದಿಂದ ಇಳಿಸಿಬಿಡುತ್ತಾರೆ. ಜೊತೆಗೆ ಓದುಗರ ಸಾವಿರಾರು ಕಮೆಂಟ್‌ಗಳೂ ಅಳಿಸಿಹೋಗುತ್ತವೆ.

ಇನ್ನೊಂದು ಪರಿಣಾಮ ಇದಕ್ಕಿಂತ ಆಳ. 2025ರ ಏಪ್ರಿಲ್ ಹೊತ್ತಿಗೆ 'ಆರ್ಕೈವ್ ಆಫ್ ಅವರ್ ಓನ್'ನಿಂದ ಸುಮಾರು 1.26 ಕೋಟಿ ಬರಹಗಳನ್ನು ಯಾರೋ ಬಾಚಿ, ಎಐ ತರಬೇತಿಗೆ ಬಳಸಬಹುದಾದ ಕಡತವಾಗಿ ಹಂಚಿದ್ದು ಬೆಳಕಿಗೆ ಬಂತು. ತಾಣದವರು ಕಾಪಿರೈಟ್ ನೋಟಿಸ್ ಕೊಟ್ಟು ತೆಗೆಸಲು ಓಡಾಡಿದರು. ದುಡ್ಡಿನ ವ್ಯವಹಾರ ಇಲ್ಲ ಎಂಬ ಕಟ್ಟಳೆ ತಾಣದ ಒಳಗೆ ಬರುವವರಿಗೆ ಅನ್ವಯ. ಬೇಲಿಯಾಚೆ ನಿಂತು ಬಾಚಿಕೊಂಡು ಹೋಗುವ ಯಂತ್ರಕ್ಕೆ ಅದು ತಾಗುವುದಿಲ್ಲ.

ಈಗ ಮೊದಲಿನ ಆ ಚಾಟ್‌ಬಾಟ್‌ಗೆ ಬರೋಣ. ಅದು ಮಾಡುತ್ತಿದ್ದ ಕೆಲಸ ಹೊಸದಲ್ಲ. ತಾರೆ ನಿಮ್ಮ ಹೆಸರು ಹಿಡಿದು ಮಾತಾಡುವುದು 'ವೈ/ಎನ್' ಕಥೆಗಳಲ್ಲಿ ಇತ್ತು. 2016ರಲ್ಲಿ ಗ್ಯಾಲರಿ ಬುಕ್ಸ್ ವಾಟ್‌ಪ್ಯಾಡ್ ಬರಹಗಾರರಿಂದ ಅಂಥ ಕಥೆಗಳ ಒಂದು ಸಂಕಲನವನ್ನೇ, ನಿಜ ತಾರೆಯರ ಹೆಸರಿನಲ್ಲಿ, ಅಚ್ಚು ಹಾಕಿಸಿತ್ತು. ಬಬಲ್ ಅದನ್ನು ಕಲಾವಿದನ ಒಪ್ಪಿಗೆಯಿಂದ ಮಾಡಿತು. ಬಾಟ್ ಬರುವಾಗ ಬರೆಯುವ ಹುಡುಗಿಯೂ ಇಲ್ಲ, ಒಪ್ಪುವ ಕಲಾವಿದನೂ ಇಲ್ಲ. ಹೆಸರು ಬದಲಿಸುವ ತೋರಿಕೆಯ ಮರ್ಯಾದೆಯೂ ಬೇಕಾಗಲಿಲ್ಲ. ರಾಯಿಟರ್ಸ್ ಕಂಡ ಬಾಟ್‌ಗಳಲ್ಲಿ ಹಲವನ್ನು ಸಾಮಾನ್ಯ ಬಳಕೆದಾರರು ಮಾಡಿದ್ದರು. ಟೇಲರ್ ಸ್ವಿಫ್ಟ್ ಹೆಸರಿನ ಎರಡನ್ನು ಮಾಡಿದ್ದು ಮೆಟಾದ ಉದ್ಯೋಗಿಯೇ. ಅವಕ್ಕೆ 'ಅಣಕ' ಎಂಬ ಚೀಟಿ ಅಂಟಿಸಲಾಗಿತ್ತು.